ಕೊಡಚಾದ್ರಿಯ ಕಾಲುದಾರಿಯಲ್ಲಿ ನಾಲ್ವರು

ಆಯನೂರಿನಲ್ಲಿ ರಸ್ತೆ ಕವಲೊಡೆಯುತ್ತದೆ. ಶಿವಮೊಗ್ಗದ ಕಡೆಯಿಂದ ಬಂದವರು ನೇರ ಹೋದರೆ ಕುಂಸಿ, ಆನಂದಪುರ, ಸಾಗರ. ಎಡಕ್ಕೆ ಹೊರಳಿದರೆ ಸೂಡೂರಿನ ಕಾಡು ದಾಟಿ ರಿಪ್ಪನ್‌ಪೇಟೆ, ಹೊಸನಗರ, ನಗರ, ಸಂಪೆಕಟ್ಟೆ, ನಿಟ್ಟೂರು. ಅಲ್ಲಿಂದ ತಲೆಯೆತ್ತಿದರೆ ಕೊಡಚಾದ್ರಿ. ನಮ್ಮದು ಬಯಲೂ ಅಲ್ಲದ, ಪೂರ್ತಿ ಮಲೆನಾಡೂ ಅಲ್ಲದ ಊರು. ಮೆಕ್ಕೆಜೋಳದ ಹೊಲಕ್ಕೂ ಅಡಿಕೆ ತೋಟಕ್ಕೂ ನಡುವೆ ಒಂದು ಬೇಲಿ ಮಾತ್ರ. ಅದಕ್ಕೇ ಇರಬೇಕು, ಇಲ್ಲಿಂದ ಪಶ್ಚಿಮಕ್ಕೆ ಹೊರಟಾಗಲೆಲ್ಲ ಮನಸ್ಸು ಒಂದು ಹೆಜ್ಜೆ ಮುಂದೆಯೇ ಓಡುತ್ತದೆ.

ಆ ದಾರಿಯಲ್ಲಿ ಕಣ್ಣಿಗೆ ಕಾಣದ ಒಂದು ಗೆರೆಯಿದೆ. ಹುಂಚದ ಬಿಲ್ಲೇಶ್ವರದಲ್ಲಿ ಹುಟ್ಟುವ ಕುಮುದ್ವತಿ ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹೊಸನಗರದ ಹಳ್ಳಕೊಳ್ಳಗಳ ನೀರು ಶರಾವತಿಗಿಳಿದು, ಜೋಗದಲ್ಲಿ ಧುಮುಕಿ, ಹೊನ್ನಾವರದ ಹತ್ತಿರ ಅರಬ್ಬಿ ಸಮುದ್ರದ ಪಾಲಾಗುತ್ತದೆ. ಎರಡರ ನಡುವೆ ರಿಪ್ಪನ್‌ಪೇಟೆಯಾಚೆ ಎಲ್ಲೋ ಒಂದು ದಿಬ್ಬ. ಕಾರಿನಲ್ಲಿ ಕೂತವರಿಗೆ ಏರಿದ್ದೂ ಇಳಿದದ್ದೂ ತಿಳಿಯದಷ್ಟು ಸಾಧಾರಣ ದಿಬ್ಬ ಅದು. ಅದರ ನೆತ್ತಿಯ ಮೇಲೆ ಒಂದೇ ಮೋಡದ ಎರಡು ಹನಿ ಗೇಣು ದೂರದಲ್ಲಿ ಬಿದ್ದರೆ ಸಾಕು, ಒಂದು ಪೂರ್ವ ಸಮುದ್ರಕ್ಕೆ, ಇನ್ನೊಂದು ಪಶ್ಚಿಮ ಸಮುದ್ರಕ್ಕೆ. ಇದನ್ನು ನಾನು ಶಾಲೆಯಲ್ಲೇ ಓದಿದ್ದೆ. ಆದರೆ ಕಳೆದ ಕಾರ್ತಿಕದಲ್ಲಿ ನಮ್ಮ ಜೊತೆಗಿದ್ದ ಮೇಷ್ಟ್ರು, ‘ಇಲ್ಲೇ ಎಲ್ಲೋ ಇರಬೇಕು ಮಾರಾಯ, ಒಂದ್ಸಲ ಗಾಡಿ ನಿಲ್ಸು’ ಅಂತ ಇಳಿದು, ರಸ್ತೆಯ ಎಡಕ್ಕೂ ಬಲಕ್ಕೂ ಕತ್ತು ತಿರುಗಿಸುತ್ತ ನಿಂತಾಗಲೇ ಮೊದಲ ಬಾರಿಗೆ ನನ್ನ ಮೈ ಜುಮ್ಮೆಂದದ್ದು. ಓದಿ ತಿಳಿದ ಸಂಗತಿ ಅಷ್ಟು ವರ್ಷ ಒಳಗೆ ಸುಮ್ಮನೆ ಮಲಗಿತ್ತು. ಇನ್ನೊಬ್ಬರು ನಿಂತು ನೋಡಿದ್ದರಿಂದ ಅದು ಎದ್ದು ಕೂತಿತು.

ಬೆರಗು ನನಗೆ ಒಬ್ಬನೇ ಇದ್ದಾಗ ಒಲಿದದ್ದು ಕಡಿಮೆ. ಏಕಾಂತದಲ್ಲೇ ಪ್ರಕೃತಿ ಮಾತಾಡುತ್ತದೆ ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಅವರ ಅನುಭವ ಅವರದು. ನನ್ನ ಮಟ್ಟಿಗೆ ಬೆಟ್ಟ ಬಾಯಿ ಬಿಡುವುದು ಗೆಳೆಯರ ಮೂಲಕ.

ನಾವು ನಾಲ್ವರು. ಮೇಷ್ಟ್ರು, ಆಯನೂರಿನ ಪಕ್ಕದಲ್ಲೇ ಜಮೀನು ಮಾಡುವ ಗೆಳೆಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ, ನಾವೆಲ್ಲ ಅಣ್ಣ ಎಂದು ಕರೆಯುವ ಹಿರಿಯರು, ಮತ್ತೆ ನಾನು. ಆ ಸಲ ಐದನೆಯವಳಾಗಿ ಮೇಷ್ಟ್ರ ತಂಗಿಯೂ ಬಂದಿದ್ದಳು. ಕೆಲವು ವರ್ಷ ಸ್ವಿಟ್ಜರ್ಲೆಂಡಿನಲ್ಲಿದ್ದು ಶಿವಮೊಗ್ಗಕ್ಕೆ ಮರಳಿದವಳು. ಅಲ್ಲಿ ಚಳಿಗಾಲದ ರಜೆಗಳಲ್ಲಿ ಗೆಳೆಯರ ಜೊತೆ ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಬೆಟ್ಟ ಹತ್ತುತ್ತಿದ್ದಳಂತೆ.

ಹತ್ತುವುದೇ? ಸ್ಕೀ ಎಂದರೆ ಜಾರುವುದಲ್ಲವೇ ಎಂದು ನಾವು ಕೇಳಿದೆವು. ಹೆಚ್ಚಿನವರು ತಂತಿಯ ತೊಟ್ಟಿಲಲ್ಲಿ ಮೇಲೆ ಹೋಗಿ ಜಾರುತ್ತಾರೆ, ನಮ್ಮ ಕಾಶ್ಮೀರದ ಗುಲ್ಮಾರ್ಗ್‌ನಲ್ಲೂ ಅಂಥ ತೊಟ್ಟಿಲಿದೆ ಎಂದಳು. ಇವರದು ಬೇರೆ ಬಗೆ. ತೊಟ್ಟಿಲೂ ಇಲ್ಲದ, ಹಾದಿಯೂ ಇಲ್ಲದ ಇಳಿಜಾರನ್ನು ಸ್ವಂತ ಕಾಲಿನಲ್ಲಿ ಗಂಟೆಗಟ್ಟಲೆ ಏರುವುದು. ಅದಕ್ಕೆಂದೇ ಸ್ಕೀಯ ತಳಕ್ಕೆ ಕೂದಲಿರುವ ಒಂದು ಪಟ್ಟಿ ಅಂಟಿಸುತ್ತಾರೆ. ಹಿಂದೆ ಅದು ಸೀಲ್ ಎಂಬ ಕಡಲಪ್ರಾಣಿಯ ಚರ್ಮವಾಗಿತ್ತು. ಈಗ ಆಡಿನ ಉಣ್ಣೆ ಅಥವಾ ನೈಲಾನ್. ಬೆಕ್ಕಿನ ಬೆನ್ನು ಸವರಿದ ಹಾಗೆ: ಮುಂದಕ್ಕೆ ತಳ್ಳಿದರೆ ನಯವಾಗಿ ಸರಿಯುತ್ತದೆ, ಹಿಂದಕ್ಕೆ ಜಾರಹೊರಟರೆ ಕೂದಲು ನಿಮಿರಿ ಹಿಮವನ್ನು ಹಿಡಿದುಕೊಳ್ಳುತ್ತದೆ. ಏರುವಾಗ ಹಿಮ್ಮಡಿ ಬಿಡುವಾಗಿರುತ್ತದೆ. ತುದಿ ಮುಟ್ಟಿದ ಮೇಲೆ ಪಟ್ಟಿ ಕಿತ್ತು ಚೀಲಕ್ಕೆ ಹಾಕಿ, ಹಿಮ್ಮಡಿಯನ್ನು ಬಿಗಿದು ಇಳಿಯುತ್ತಾರೆ. ಅರ್ಧ ದಿನ ಏರಿದ್ದು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ‘ಅಷ್ಟಕ್ಕೆ ಅಷ್ಟು ಹತ್ತಬೇಕಾ?’ ಎಂದ ನಮ್ಮ ರೈತ ಗೆಳೆಯ. ‘ಹತ್ತೋದೇ ಅಣ್ಣ ನೆನಪಿರೋದು’ ಎಂದಳು.

ಹಿಮ ನಮ್ಮ ನಾಡಿನದಲ್ಲ. ಹಾಗೆಂದು ಕನ್ನಡ ನಾಡಿನವರಿಗೆ ಅದು ದಕ್ಕಿಲ್ಲವೆಂದಲ್ಲ. ಕೊಡಗಿನಿಂದ ಹೊರಟ ಭವಾನಿ ತೆಕ್ಕಡ ನಂಜುಂಡ 2023ರಲ್ಲಿ ಸ್ಲೊವೇನಿಯಾದ ಪ್ಲಾನಿತ್ಸಾದಲ್ಲಿ ನಡೆದ ನಾರ್ಡಿಕ್ ಸ್ಕೀ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದ್ದಾರೆ. ಕಾಫಿ ತೋಟದ ನಾಡಿನ ಹುಡುಗಿಯ ಕಾಲು ಹಿಮದ ಭಾಷೆ ಕಲಿತದ್ದನ್ನು ನೆನೆದಾಗಲೆಲ್ಲ ನನಗೆ ಸಂತೋಷ ಉಕ್ಕುತ್ತದೆ.

ಕೊಡಚಾದ್ರಿಯಲ್ಲೂ ಎರಡು ಬಗೆ ಇದೆ. ಕೊಲ್ಲೂರಿನಿಂದ, ನಿಟ್ಟೂರಿನಿಂದ ಜೀಪುಗಳು ಹೋಗುತ್ತವೆ. ರಸ್ತೆಯೆಂದು ಕರೆಯಲಾಗದ ಆ ಕೊರಕಲಿನಲ್ಲಿ ಗಾಡಿ ಓಡಿಸುವ ಚಾಲಕರ ಕೈಚಳಕವೇ ಒಂದು ವಿಸ್ಮಯ. ವಯಸ್ಸಾದವರು, ಮಕ್ಕಳನ್ನು ಎತ್ತಿಕೊಂಡು ಹರಕೆ ಹೊತ್ತವರು ದೇವಿಯ ಸನ್ನಿಧಿಗೆ ತಲುಪುವುದು ಆ ಜೀಪುಗಳಿಂದಲೇ. ಇನ್ನೊಂದು ದಾರಿ ಹಿಡ್ಲುಮನೆ ಅಬ್ಬಿಯದು. ತೋಟ, ಗದ್ದೆ ದಾಟಿ ಕಾನು ಹೊಕ್ಕು, ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ನೀರಿನ ಪಕ್ಕದಲ್ಲೇ ಬಂಡೆ ಹಿಡಿದು ಏರಬೇಕು. ನಾವು ಹಿಡಿದದ್ದು ಆ ದಾರಿ.

ಕಾರ್ತಿಕದಲ್ಲೂ ಕಾನಿನ ನೆಲ ಆರಿರುವುದಿಲ್ಲ. ಹೊಸನಗರ ತಾಲ್ಲೂಕಿನ ಘಟ್ಟದಂಚಿನಲ್ಲಿ, ಮಾಸ್ತಿಕಟ್ಟೆ, ಹುಲಿಕಲ್ಲಿನ ಕಡೆ, ವರ್ಷದ ಮಳೆ 6000 ಮಿಲಿಮೀಟರ್ ದಾಟುವುದುಂಟು; ನಮ್ಮ ಆಯನೂರಿನ ಮಳೆಯ ಎಷ್ಟೋ ಪಟ್ಟು. ಅಷ್ಟು ನೀರು ಕುಡಿದ ದರಗಿನ ಮೇಲೆ ಕಾಲಿಟ್ಟರೆ ಸದ್ದೇ ಇಲ್ಲ. ಉಂಬಳಗಳು ಮಾತ್ರ ನಮ್ಮ ಬರವನ್ನು ಹೇಗೋ ಅರಿತು, ಎಲೆಯ ತುದಿಯಲ್ಲಿ ಬಾಲ ಊರಿ ನಿಂತು ಗಾಳಿಯಲ್ಲಿ ತಡಕುತ್ತಿದ್ದವು. ಕಾಲಿಗೆ ಬೇವಿನೆಣ್ಣೆ ಬಳಿದುಕೊಂಡಿದ್ದೆವು. ರೈತ ಗೆಳೆಯ ಎಲೆಯೊಂದರ ಹತ್ತಿರ ಬೆರಳನ್ನು ಆಚೆ ಈಚೆ ಆಡಿಸಿದ. ಉಂಬಳ ಅದೇ ದಿಕ್ಕಿಗೆ ಬಾಗಿ ಬಾಗಿ ಹಿಂಬಾಲಿಸಿತು. ‘ಬಿಸಿ ಗೊತ್ತಾಗುತ್ತೆ ಕಣೋ ಅದಕ್ಕೆ’ ಎಂದ. ಕಿತ್ತೆಸೆಯುವುದನ್ನೇ ಕಲಿತಿದ್ದ ನಾನು ಅದರ ಬಾಗುವಿಕೆಯನ್ನು ಆವರೆಗೆ ನೋಡಿರಲಿಲ್ಲ.

ಅಬ್ಬಿಯ ಬಂಡೆಗಳಲ್ಲಿ ಪಾಚಿ. ಒಬ್ಬರು ಏರಿ ಗಟ್ಟಿ ಜಾಗ ಸಿಕ್ಕ ಮೇಲೆ ಇನ್ನೊಬ್ಬರು, ಅವರಾದ ಮೇಲೆ ಮತ್ತೊಬ್ಬರು. ಕೆಳಗಿರುವವರು ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ಸರಿದಿರಬೇಕು. ತಂಗಿ ಇದನ್ನು ನೋಡಿ, ಹಿಮದಲ್ಲೂ ಹೀಗೆಯೇ ಎಂದಳು. ಕುಸಿಯಬಹುದಾದ ಇಳಿಜಾರನ್ನು ಎಲ್ಲರೂ ಒಟ್ಟಿಗೆ ದಾಟುವುದಿಲ್ಲ. ಒಬ್ಬೊಬ್ಬರೇ ದಾಟುತ್ತಾರೆ, ಉಳಿದವರು ಕಣ್ಣು ಕೀಳದೆ ನೋಡುತ್ತಿರುತ್ತಾರೆ. ಪ್ರತಿಯೊಬ್ಬರ ಎದೆಯ ಮೇಲೂ ಸಂಕೇತ ಕಳಿಸುವ ಒಂದು ಪುಟ್ಟ ಯಂತ್ರ, ಬೆನ್ನಿನ ಚೀಲದಲ್ಲಿ ಸಲಿಕೆ, ಮಡಿಚಿದ ಉದ್ದನೆಯ ಕೋಲು. ಹಿಮ ಕುಸಿದು ಒಬ್ಬರು ಹೂತುಹೋದರೆ ಊರಿನಿಂದ ಸಹಾಯ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮೊದಲ ಕಾಲು ಗಂಟೆ ಕಳೆದ ಮೇಲೆ ಬದುಕುವ ಆಸೆ ಬೇಗ ಕರಗುತ್ತದೆ. ಅಷ್ಟರೊಳಗೆ ಹುಡುಕಿ, ಅಗೆದು, ಎತ್ತಬೇಕಾದವರು ಜೊತೆಗಿದ್ದ ಗೆಳೆಯರೇ. ‘ಅಲ್ಲಿ ನಾನು ಗೆಳೆಯರನ್ನ ಆರಿಸ್ಕೊಂಡಿದ್ದು, ಯಾರು ಚೆನ್ನಾಗಿ ಜಾರ್ತಾರೆ ಅಂತಲ್ಲ. ಯಾರು ಹಿಂದೆ ತಿರುಗಿ ನೋಡ್ತಾರೆ ಅಂತ’ ಎಂದಳು. ಆ ಮಾತನ್ನು ಕೇಳಿ ನಾವು ಸ್ವಲ್ಪ ಹೊತ್ತು ಮಾತಿಲ್ಲದೆ ಹತ್ತಿದೆವು.

ನನಗನಿಸುವುದು ಇಷ್ಟು: ಹಿಂದೆ ತಿರುಗಿ ನೋಡುವ ಕಣ್ಣೇ ಸುತ್ತಲೂ ನೋಡುವ ಕಣ್ಣು. ತನ್ನ ಜೊತೆಯವನ ಉಸಿರನ್ನು ಗಮನಿಸುವವನು ಹುಲ್ಲನ್ನೂ ಗಮನಿಸುತ್ತಾನೆ. ಕಾಳಜಿಯೂ ವಿಸ್ಮಯವೂ ಒಂದೇ ಬೇರಿನಿಂದ ಬಂದವು ಎಂದು ನಾನು ನಂಬಿದ್ದೇನೆ.

ಕಾನು ಮುಗಿದು ಹುಲ್ಲುಗುಡ್ಡ ತೆರೆದುಕೊಂಡಾಗ ಬಿಸಿಲು ಬಂದಿತ್ತು. ಗುಡ್ಡದ ಮಡಿಕೆಗಳಲ್ಲಷ್ಟೇ ಕಾಡು, ಮೇಲೆಲ್ಲ ಹುಲ್ಲು. ಹಸಿರು ಇನ್ನೂ ಪೂರ್ತಿ ಕರಡವಾಗಿರಲಿಲ್ಲ. ನೀರು ಒಸರುವ ಒಂದು ಬಂಡೆಯ ಪಕ್ಕದಲ್ಲಿ ರೈತ ಗೆಳೆಯ ಮಂಡಿಯೂರಿ ಕೂತ. ಉಗುರಿನಷ್ಟು ಅಗಲದ ಕೆಂಪು ಎಲೆಗಳು ನೆಲಕ್ಕಂಟಿ ಚಕ್ರದಂತೆ ಹರಡಿದ್ದವು. ಎಲೆಯ ತುಂಬ ರೋಮ, ರೋಮದ ತುದಿಗೊಂದು ಹನಿ. ಇಬ್ಬನಿಯಾಗಿದ್ದರೆ ಅಷ್ಟು ಹೊತ್ತಿಗೆ ಆರಬೇಕಿತ್ತು. ಡ್ರಾಸೆರಾ, ಕೀಟ ತಿನ್ನುವ ಗಿಡ, ಎಂದರು ಮೇಷ್ಟ್ರು. ಮಣ್ಣಿನ ಸಾರವನ್ನೆಲ್ಲ ಮಳೆ ತೊಳೆದುಕೊಂಡು ಹೋಗುವ ಇಂಥ ಜಾಗದಲ್ಲಿ ಅದು ತನಗೆ ಬೇಕಾದ ಸಾರಜನಕವನ್ನು ನೊಣ, ಗುಂಗಾಡಿನಿಂದ ಪಡೆಯುತ್ತದೆ. ಒಂದು ಎಲೆಯಲ್ಲಿ ಗುಂಗಾಡು ಸಿಕ್ಕಿಕೊಂಡಿತ್ತು. ಸುತ್ತಲಿನ ರೋಮಗಳು ಅದರ ಕಡೆಗೆ ಬಾಗಿದ್ದವು. ಮೆಕ್ಕೆಜೋಳಕ್ಕೆ ಯೂರಿಯಾ ಸಿಗದೆ ಸೊಸೈಟಿಯ ಮುಂದೆ ಸಾಲು ನಿಂತ ಅನುಭವವಿರುವ ಗೆಳೆಯ, ‘ಗೊಬ್ಬರಾನ ತಾನೇ ಹಿಡ್ಕೊಂಡು ತಿನ್ನುತ್ತಲ್ಲ ಇದು’ ಎಂದು ಕೂತಲ್ಲೇ ಕೂತ. ಅವನನ್ನು ಎಬ್ಬಿಸಲು ನಮಗ್ಯಾರಿಗೂ ಮನಸ್ಸಾಗಲಿಲ್ಲ. ಗಿಡದ ಹೆಸರು ಗೊತ್ತಿದ್ದ ಮೇಷ್ಟ್ರಿಗಿಂತ, ಸಾರಜನಕದ ಬೆಲೆ ಗೊತ್ತಿದ್ದ ಅವನೇ ಅದನ್ನು ಹೆಚ್ಚು ಕಂಡ.

ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಭದ್ರಾವತಿಯ ಅಣ್ಣನ ಸರದಿ. ಅಲ್ಲೊಂದು ಕಬ್ಬಿಣದ ಕಂಬವಿದೆ. ನೆಲದಿಂದ ನೇರ ಎದ್ದು ಆಳೆತ್ತರವನ್ನು ಎಷ್ಟೋ ಮೀರಿ ನಿಂತದ್ದು. ಭಕ್ತರು ಅದನ್ನು ದೇವಿಯ ತ್ರಿಶೂಲವೆನ್ನುತ್ತಾರೆ. ಅಣ್ಣ ಚಪ್ಪಲಿ ಬಿಟ್ಟು ಹತ್ತಿರ ಹೋಗಿ, ಕೈಮುಗಿದು, ಅಂಗೈಯನ್ನು ಅದರ ಮೈಮೇಲೆ ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿದರು. ‘ಇದು ಎರಕ ಹೊಯ್ದದ್ದಲ್ಲ. ಬಡಿದದ್ದು. ಬಿಸಿ ಮಾಡಿ, ಬಡಿದು, ಮತ್ತೆ ಬಿಸಿ ಮಾಡಿ...’ ಭದ್ರಾವತಿಯ ಕಾರ್ಖಾನೆ ಕಬ್ಬಿಣ ಕರಗಿಸಲು ಶುರು ಮಾಡಿದ್ದು 1923ರಲ್ಲಿ, ಮಲೆನಾಡಿನ ಮರದ ಇದ್ದಿಲಿನಿಂದ; ಸರ್ ಎಂ. ವಿಶ್ವೇಶ್ವರಯ್ಯನವರು ಮುಂದೆ ನಿಂತು ಅದನ್ನು ಹಳಿಗೆ ತಂದರು. ಅದಕ್ಕೂ ಎಷ್ಟೋ ಹಿಂದೆ ಈ ಗುಡ್ಡದ ಮೇಲೆ ಹೆಸರಿಲ್ಲದ ಯಾರೋ ಅದೇ ಇದ್ದಿಲಿನ ಕೆಲಸ ಮಾಡಿದ್ದರು. ಕಾರ್ಖಾನೆಯಲ್ಲಿ ಹೊರಗೆ ಬಿಟ್ಟ ಕಬ್ಬಿಣ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುವುದನ್ನು ದಿನವೂ ಕಂಡವರಿಗೆ, ಈ ಮಳೆಯಲ್ಲಿ ನಿಂತ ಈ ಕಂಬ ಏನೆಂದು ಗೊತ್ತು. ನಾನು ಅದನ್ನು ಹಿಂದೆಯೂ ನೋಡಿದ್ದೆ. ಅಣ್ಣನ ಅಂಗೈ ಅದರ ಮೇಲೆ ಓಡಾಡಿದ್ದು ಕಂಡಾಗ ಮಾತ್ರ ಅದು ಯಾರದೋ ತೋಳಿನ ದುಡಿಮೆಯಾಗಿ ಕಂಡಿತು.

ಸರ್ವಜ್ಞಪೀಠದ ಕಡೆಗೆ ಏರುವಾಗ ಮೇಷ್ಟ್ರು ಪಟ್ಟೆಪಟ್ಟೆಯ ಒಂದು ಕಲ್ಲನ್ನು ತೋರಿಸಿದರು. ಕೆಂಪು, ಬೂದು, ಕಪ್ಪು ಗೆರೆಗಳು ಒಂದರ ಮೇಲೊಂದು. ಇದೂ ಸೇರಿದ ನಮ್ಮ ಧಾರವಾಡ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಮಿಗಿಲು. ಆಗ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿಕೊಂಡಿತ್ತು. ಬೆಳಕನ್ನು ಉಂಡು ಬದುಕಲು ಕಲಿತ ಸೂಕ್ಷ್ಮಜೀವಿಗಳು ಆಮ್ಲಜನಕ ಬಿಡತೊಡಗಿದ ಕಾಲ ಅದು. ಆ ಆಮ್ಲಜನಕ ಸೇರಿ ಕಬ್ಬಿಣ ತುಕ್ಕಾಗಿ, ಪದರ ಪದರವಾಗಿ ಕಡಲ ತಳಕ್ಕೆ ಕೂತಿತು ಎನ್ನುತ್ತಾರೆ ಭೂವಿಜ್ಞಾನಿಗಳು. ಸಮುದ್ರಮಟ್ಟದಿಂದ 1343 ಮೀಟರ್ ಎತ್ತರದ ಬೆಟ್ಟದಲ್ಲಿ ನಾವು ಕಡಲ ತಳವನ್ನು ತುಳಿಯುತ್ತಿದ್ದೆವು. ಅಣ್ಣ ಆ ಕಲ್ಲಿನ ಪಕ್ಕ ಕೂತು ಕೇಳಿದರು: ‘ಹಾಗಾದ್ರೆ ನಾವು ಕುಲುಮೆಯಲ್ಲಿ ಮಾಡಿದ್ದು, ಆ ಜೀವಿಗಳು ಸೇರಿಸಿದ ಗಾಳೀನ ಮತ್ತೆ ಬಿಡಿಸಿದ್ದು ಅಷ್ಟೆ ತಾನೆ?’ ಮೇಷ್ಟ್ರು ಹೌದೆಂದರು. ಅದಿರಿನಿಂದ ಆಮ್ಲಜನಕವನ್ನು ಇದ್ದಿಲು ಕಿತ್ತುಕೊಳ್ಳುವುದೇ ಕಬ್ಬಿಣ ತೆಗೆಯುವ ಕೆಲಸ. ಇಡೀ ಬಾಳು ಒಂದು ಕೆಲಸ ಮಾಡಿದ ಮನುಷ್ಯನಿಗೆ, ಆ ಕೆಲಸದ ಇನ್ನೊಂದು ತುದಿ ಅಷ್ಟು ಕೋಟಿ ವರ್ಷದ ಹಿಂದಿದೆ ಎಂದು ತಿಳಿದ ಗಳಿಗೆ ಅದು. ಅವರ ಮುಖ ನೋಡುತ್ತ ನಾನು ಪಶ್ಚಿಮದ ಕಡಲನ್ನು ನೋಡುವುದನ್ನೇ ಮರೆತೆ.

ಆಮೇಲೆ ನೋಡಿದೆವು. ಒಂದು ಕಡೆ ಸೌಪರ್ಣಿಕೆ ಹರಿದುಹೋಗುವ ಕೊಲ್ಲೂರಿನ ಕಣಿವೆ, ಅದರಾಚೆ ಕಡಲಿನ ಮಸುಕು ಗೆರೆ. ಇನ್ನೊಂದು ಕಡೆ ಲಿಂಗನಮಕ್ಕಿಯ ಹಿನ್ನೀರು, ಊರುಗಳನ್ನೂ ಮನೆಗಳನ್ನೂ ಮುಚ್ಚಿಕೊಂಡು ಹೊಳೆಯುವ ನೀರು. ಆ ಹೊಳಪನ್ನು ನೋಡಿ ಸುಮ್ಮನೆ ಹಿಗ್ಗಲು ನಮ್ಮ ಜಿಲ್ಲೆಯವರಿಗೆ ಆಗುವುದಿಲ್ಲ. ಮುಳುಗಡೆಯಿಂದ ಎದ್ದು ನಮ್ಮ ಸುತ್ತಮುತ್ತಲ ಕಾಡಂಚಿಗೆ ಬಂದು ನೆಲೆಸಿದವರ ಮಕ್ಕಳು ನಮ್ಮ ಜೊತೆಯೇ ಓದಿದವರು.

ಇಳಿಯುವಾಗ ತಂಗಿ ಒಂದು ಪದ್ಧತಿ ಹೇಳಿದಳು: ಎಲ್ಲರಿಗಿಂತ ನಿಧಾನಕ್ಕೆ ನಡೆಯುವವರು ಮುಂದೆ, ಉಳಿದವರು ಅವರ ಹೆಜ್ಜೆಗೆ ಹೆಜ್ಜೆ. ಅಣ್ಣನನ್ನು ಮುಂದೆ ಬಿಟ್ಟೆವು. ಜಾರಿ ಇಳಿಯುವ ಭಾಗ್ಯ ನಮಗಿಲ್ಲ. ಹುಲ್ಲಿನ ಮೇಲೆ ಹಿಮ್ಮಡಿ ಊರಿ, ಮಂಡಿಗೆ ಕೈಕೊಟ್ಟು, ಹತ್ತಿದಷ್ಟೇ ನಿಧಾನಕ್ಕೆ ಇಳಿದೆವು. ನಿಟ್ಟೂರಿನಲ್ಲಿ ಚಹಾ ಕುಡಿಯುತ್ತ ಅಣ್ಣ ಮುಂದಿನ ಮಾತು ತೆಗೆದರು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ಗುಡ್ಡ ಇಳಿದು ಭದ್ರಾವತಿಗೆ ಬರುತ್ತಿತ್ತು. ಅವರು ಅದನ್ನು ಕುಲುಮೆಯ ಬಾಯಲ್ಲಷ್ಟೇ ಕಂಡವರು, ಅದು ಹುಟ್ಟಿದ ಗುಡ್ಡಕ್ಕೆ ಒಮ್ಮೆ ನಡೆದು ಹೋಗಬೇಕು. ಮೆಕ್ಕೆಜೋಳ ಮಾರಿದ ಮೇಲೆ ತನಗೆ ಪುರುಸೊತ್ತು ಎಂದ ರೈತ ಗೆಳೆಯ. ಮೇಷ್ಟ್ರು ರಜೆಯ ಪಟ್ಟಿ ತೆಗೆದು ಶನಿವಾರಗಳನ್ನು ಎಣಿಸತೊಡಗಿದರು.