ಜಾಲೀಗಿಡದ ಕೆಳಗೆ ನಿದ್ದೆ

1 ಅರಸುಗಳು 19 ತೆಗೀರಿ. ಕರ್ಮೆಲಿನಲ್ಲಿ ಬೆಂಕಿ ಇಳಿದದ್ದನ್ನು ನೋಡಿದ ಎಲೀಯ, ಈಜೆಬೆಲಳ ಒಂದು ಬೆದರಿಕೆಗೆ ಓಡಿಬಂದು ಜಾಲೀಗಿಡದ ಕೆಳಗೆ ಸಾವು ಬೇಡುತ್ತಿದ್ದಾನೆ. ಕರ್ತನು ಗದರಿಸಿದನಾ? ಇಲ್ಲ. ನಿದ್ದೆ ಕೊಟ್ಟ. ಬಿಸಿ ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ಊಟ. ಪ್ರಶ್ನೆ ಕೇಳಿದ್ದು ಆಮೇಲೆ, 40 ದಿನ ನಡೆದು ಹೋರೇಬ್ ಮುಟ್ಟಿದ ಮೇಲೆ.

ನಮ್ಮ ಈಜೆಬೆಲ್ ಮೊಬೈಲಲ್ಲೇ ಇದ್ದಾಳೆ, ರಾತ್ರಿ ಹನ್ನೊಂದಕ್ಕೂ ಕಾಲ್! ಅಪಾಯದಲ್ಲಿ ಓಡೋದಕ್ಕೆ ಅಂತ ದೇವರಿಟ್ಟ ಅಡ್ರಿನಲಿನ್, ಕಾರ್ಟಿಸಾಲ್ ದಿನವಿಡೀ ಏರಿಯೇ ಇದ್ದರೆ ನಿದ್ದೆ ಕೆಡುತ್ತೆ, ಬಿಪಿ ಏರುತ್ತೆ. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡಿ. ವೇಗಸ್ ನರ ಎದೆಬಡಿತ ಇಳಿಸುತ್ತೆ. ಇದೇನು ಯೋಗಾನಾ ಪಾಸ್ಟರ್ ಅನ್ನಬೇಡಿ. ಆ ನರ ಹೆಣೆದವನು ನಮ್ಮ ಕರ್ತನೇ.

"ನನಗೆ ನಂಬಿಕೆ ಕಡಿಮೆಯಾ?" ಅಂತ ಕೇಳ್ತೀರಿ. ಇಲ್ಲ ಮಗಳೇ, ನೀನು ದಣಿದಿದ್ದೀ. ಸಾವೇ ಬೇಕು ಅನ್ನಿಸಿದರೆ ಆಗಲೇ ಫೋನ್ ಮಾಡಿ. ಡಾಕ್ಟರ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ.

ಶುಕ್ರವಾರದ ಇಡೀ ರಾತ್ರಿ ಪ್ರಾರ್ಥನೆಗೆ, ನೈಟ್ ಶಿಫ್ಟ್ ಮುಗಿಸಿದವರು ಬರಬೇಡಿ. ಮಲಗಿ. ನಿಮ್ಮ ಹೆಸರು ಹೇಳಿ ನಾವು ಪ್ರಾರ್ಥಿಸ್ತೀವಿ. ಆಮೆನ್?