ಯಾವ ಕಾಲೇಜು ಎಂಬ ಪ್ರಶ್ನೆ

ಪಿಯುಸಿ ಮುಗಿದದ್ದೇ ಅಂಗಡಿಗೋ ಗಾರ್ಮೆಂಟ್ಸಿಗೋ ಸೇರಿ, ರಾತ್ರಿ ಓದಿ ಪದವಿ ಪಡೆದವರಿಗೆ ಕಾನೂನಿನಲ್ಲಿ ಯಾವ ಕೊರತೆಯೂ ಇಲ್ಲ. ಮೈಸೂರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಲ್ಲೇ ಹುಟ್ಟಿತು. ಮಾನ್ಯತೆಯಿರುವ ಸಂಸ್ಥೆಯ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿತು. ಆದರೂ ಆಫೀಸಿನಲ್ಲಿ ಊಟದ ಹೊತ್ತಿಗೆ ಹಾಸ್ಟೆಲ್ ಮೆಸ್ಸು, ಬಂಕ್ ಮಾಡಿದ ಕ್ಲಾಸು, ಕಾಲೇಜ್ ಡೇ ಎಂದು ಮಾತು ಹರಿದರೆ ಇಂಥವರು ಸುಮ್ಮನಾಗುತ್ತಾರೆ. ಆಯಾ ವಯಸ್ಸಿನಲ್ಲಿ ಆಗಬೇಕಾದ್ದು ಆಗದಿದ್ದರೆ ಬದುಕು ಅರೆಯಾಗಿಬಿಡುತ್ತದೆಯೇ? ಆಶ್ರಮಧರ್ಮದಷ್ಟೇ ಹಳೆಯ ಪ್ರಶ್ನೆಯಿದು. ಋಣಗಳನ್ನು ತೀರಿಸದೆ ಮೋಕ್ಷಕ್ಕೆ ಮನಸ್ಸಿಟ್ಟವನು ಅಧೋಗತಿಗಿಳಿಯುತ್ತಾನೆ ಎನ್ನುತ್ತದೆ ಮನುಸ್ಮೃತಿ. ವೈರಾಗ್ಯ ಬಂದ ದಿನವೇ, ಬ್ರಹ್ಮಚರ್ಯದಿಂದ ನೇರವಾಗಿಯೇ ಸಂನ್ಯಾಸಕ್ಕೆ ಹೊರಡಬಹುದು ಎನ್ನುತ್ತದೆ ಜಾಬಾಲೋಪನಿಷತ್ತು. ಮೆಟ್ಟಿಲು ತಪ್ಪಿಸಿದವರ ವಿಷಯದಲ್ಲಿ ಪರಂಪರೆಯೇ ಒಂದು ಮಾತು ಆಡಿಲ್ಲ.

ಮೆಟ್ಟಿಲು ತಪ್ಪಿದರೆ ಬದುಕು ಅರೆಯಾಗದು ಎಂಬ ನನ್ನ ಪಕ್ಷಕ್ಕೆ ಸಾಕ್ಷಿ ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಜಾಬಾಲ. ಗೋತ್ರ ಗೊತ್ತಿಲ್ಲವೆಂದು ನಿಜ ನುಡಿದ ಹುಡುಗನನ್ನು ಗುರು ಗೌತಮರು ಶಿಷ್ಯನಾಗಿ ಒಪ್ಪಿಕೊಂಡಲ್ಲಿಗೇ ನಾವು ಆ ಕತೆಯನ್ನು ನಿಲ್ಲಿಸಿಬಿಡುತ್ತೇವೆ. ಮುಂದಿನದು ಇನ್ನೂ ವಿಚಿತ್ರ. ಉಪನಯನವಾದದ್ದೇ ಗುರು ನಾನ್ನೂರು ಬಡಕಲು ಹಸುಗಳನ್ನು ಆರಿಸಿಕೊಟ್ಟು ಕಾಯಲು ಹೇಳುತ್ತಾರೆ. ಅವು ಸಾವಿರವಾಗದೆ ಮರಳುವುದಿಲ್ಲವೆಂದು ಹುಡುಗ ಹೊರಡುತ್ತಾನೆ. ಗುರುಕುಲದ ವರ್ಷಗಳೆಲ್ಲ ದನಗಳ ಹಿಂದೆ ಕಳೆಯುತ್ತವೆ. ಕಲಿಸಿದ್ದು ಗೂಳಿ, ಬೆಂಕಿ, ಹಂಸ, ಒಂದು ನೀರುಹಕ್ಕಿ. ಮರಳಿದವನ ಮುಖ ನೋಡಿ ಗೌತಮರು, ಬ್ರಹ್ಮವನ್ನು ಬಲ್ಲವನಂತೆ ಬೆಳಗುತ್ತಿದ್ದೀಯಲ್ಲ, ಯಾರು ಕಲಿಸಿದರು ಎಂದು ಕೇಳುತ್ತಾರೆ. ಮನುಷ್ಯರಲ್ಲ ಎಂದ ಸತ್ಯಕಾಮ, ಆದರೂ ನೀವೇ ಹೇಳಿಕೊಡಿ ಎನ್ನುತ್ತಾನೆ. ಗುರು ಹೇಳಿದ್ದೂ ಅದನ್ನೇ; ಏನೂ ಬಿಟ್ಟುಹೋಗಿರಲಿಲ್ಲ. ಹಾಗಾದರೆ ಮತ್ತೆ ಕೇಳಿದ್ದೇಕೆ? ವಿದ್ಯೆಯನ್ನು ಹೊರಗಿದ್ದೇ ಗಳಿಸಬಹುದು, ನಮ್ಮವನೆನಿಸಿಕೊಳ್ಳುವುದನ್ನು ಒಬ್ಬನೇ ಗಳಿಸಲಾಗದು. ಅದನ್ನು ಒಳಗಿರುವವರು ಕೊಡಬೇಕು.

ಕಾಲೇಜೆಂದರೆ ಬರೀ ವಿದ್ಯೆಯಲ್ಲ, ಇಪ್ಪತ್ತರಲ್ಲಿ ಲಾಭನಷ್ಟ ನೋಡದೆ ಹುಟ್ಟುವ ಗೆಳೆತನ ಮೂವತ್ತೈದರಲ್ಲಿ ಸಿಗದು ಎನ್ನುವವರಿದ್ದಾರೆ. ನಿಜವೇ. ಬದುಕೇ ಪಾಠಶಾಲೆ ಎಂಬ ಸವಕಲು ಸಮಾಧಾನದಿಂದ ಅದನ್ನು ಮುಚ್ಚುವುದು ಅಪ್ರಾಮಾಣಿಕತೆ. ಹದಿನೆಂಟಕ್ಕೇ ದುಡಿಮೆಗಿಳಿದ ಹುಡುಗಿಗೆ ಕೂತು ಹರಟುವ ಬಿಡುವು ಸಿಗಲಿಲ್ಲ, ಆ ವಯಸ್ಸು ಮರಳುವುದೂ ಇಲ್ಲ. ಆದರೆ ಕಳೆದುಕೊಂಡವರೆಲ್ಲ ಕಡಿಮೆಯವರೆಂದು ಅದರಿಂದ ಸಿದ್ಧವಾಗುವುದಿಲ್ಲ. ಬೆರೆಯುವ ಹೊಣೆ ಹೊಸಬರದಲ್ಲವೇ ಎನ್ನಬಹುದು. ಸತ್ಯಕಾಮ ಬಾಯಿಬಿಟ್ಟು ಕೇಳಿದ, ಅಷ್ಟು ಹೊಣೆ ಅವನದು. ಮೊದಲು ಮಾತಾಡಿಸಿದ್ದು ಮಾತ್ರ ಗುರು. (ಇದೇ ಸತ್ಯಕಾಮ ಮುಂದೆ ಗುರುವಾಗಿ, ಹನ್ನೆರಡು ವರ್ಷ ಅಗ್ನಿಗಳ ಸೇವೆ ಮಾಡಿದ ಉಪಕೋಸಲನಿಗೆ ಪಾಠ ಹೇಳದೆ ಪ್ರಯಾಣ ಹೊರಟುಬಿಟ್ಟ. ಒಳಗೆ ಸೇರಿದ ಮೇಲೆ ಹೊರಗಿದ್ದವರಿಗೂ ಮರೆವು ಬರುತ್ತದೆ.) ನಿಮ್ಮ ಊಟದ ಮೇಜಿಗೆ ಹೊಸಬರು ಬಂದರೆ ಯಾವ ಕಾಲೇಜು ಎಂದು ಶುರುಮಾಡಬೇಡಿ, ಈ ಕೆಲಸ ಯಾರಿಂದ ಕಲಿತಿರಿ ಎಂದು ಕೇಳಿ.