ಬೇರು ಮತ್ತು ಪ್ರಸಾದ

ಪದಾರ್ಥವನ್ನು ಲಿಂಗಕ್ಕರ್ಪಿಸಿ ಪ್ರಸಾದವಾಗಿ ಸ್ವೀಕರಿಸುವುದು ನಮ್ಮ ಆಚಾರ. ಅನ್ನೋದಕಗಳಿಗೆ ಸಲ್ಲುವ ಈ ನಿಯಮವು ಔಷಧಿಗೂ ಸಲ್ಲುವುದಷ್ಟೆ. ಹಾಗಾದರೆ ಕಾಡನ್ನು ಬರಿದುಮಾಡಿ ತಂದ ಬೇರು ಅರ್ಪಿತಕ್ಕೆ ಯೋಗ್ಯವೇ? ಬೆಳಗಾವಿಯ ಸದ್ಭಕ್ತರಿಗೆ ಈ ಪ್ರಶ್ನೆ ದೂರದ್ದಲ್ಲ.

ಖಾನಾಪುರದ ಕಡೆಯ ಸಹ್ಯಾದ್ರಿಯ ಕಾಡು ಸರ್ಪಗಂಧಿಯ ನೆಲೆಗಳಲ್ಲೊಂದು. ಅದು ಮೊಳಕಾಲೆತ್ತರದ ಗಿಡ. ಕೆಂಪು ತೊಟ್ಟಿನ ಬಿಳಿಯ ಹೂ, ಮಾಗಿದಾಗ ಕಪ್ಪಾಗುವ ಹಣ್ಣು. ಉನ್ಮಾದಕ್ಕೂ ನಿದ್ರಾನಾಶಕ್ಕೂ ಇದರ ಬೇರನ್ನು ನಮ್ಮ ದೇಶದ ವೈದ್ಯರು ಬಹುಕಾಲದಿಂದ ಕೊಡುತ್ತ ಬಂದಿದ್ದಾರೆ. 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಎಂಬ ವೈದ್ಯರು ಈ ಗುಣವನ್ನು ಬರೆದು ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ತೆಗೆದರು. ಚಿತ್ತವನ್ನು ತಣಿಸುವ ಈ ಸತ್ತ್ವವೇ ಅಳತೆ ತಪ್ಪಿದರೆ ಖಿನ್ನತೆಯನ್ನು ತರಬಲ್ಲುದು. ವೈದ್ಯನ ಮಾತಿಲ್ಲದೆ ಮುಟ್ಟತಕ್ಕ ವಸ್ತುವಲ್ಲ. ಆ ಶೋಧದ ತರುವಾಯ ಹೊರನಾಡುಗಳ ಬೇಡಿಕೆ ಏರಿತು, ಕಾಡಿನ ಬೇರು ಹೊರಟಿತು. ಕೊನೆಗೆ 1990ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಇದರ ವ್ಯಾಪಾರಕ್ಕೆ ಕಟ್ಟು ಹಾಕಬೇಕಾಯಿತು.

ಔಷಧಿಯೇ ಬೇಡವೆನ್ನುವುದು ಶರಣರ ಮಾರ್ಗವಲ್ಲ. ವೈದ್ಯ ಸಂಗಣ್ಣನೂ ಆ ಬಳಗದವನೇ. ಚಿತ್ತ ಕೆಟ್ಟು ನರಳುವವನ ಮುಂದೆ ಗಿಡದ ಮೇಲಿನ ದಯೆಯನ್ನು ಬೋಧಿಸುವುದು ನಿಷ್ಠುರವಾದೀತು. ಆದುದರಿಂದ ವಿಚಾರವು ಕೊಳ್ಳುವ ಬಗೆಯದು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಮರಳಿ ಒಯ್ಯುವಂತೆ ಮಾಡಿದಳು. ಬೇಕಾದಷ್ಟೇ ತರಬೇಕೆಂಬ ಈ ನೀತಿ ಸರ್ಪಗಂಧಿಗೂ ಸಾಕೆಂದು ಹಲವರು ಭಾವಿಸಬಹುದು. ನನಗೆ ಸಾಕೆನಿಸುವುದಿಲ್ಲ. ಮಾರಯ್ಯನು ಆಯ್ದದ್ದು ಅಂಗಳದಲ್ಲಿ ಚೆಲ್ಲಿದ ಕಾಳು. ಅದರಿಂದ ಯಾವ ಪೈರೂ ಸಾಯಲಿಲ್ಲ. ಬೇರನ್ನು ಅಗೆದರೆ ಗಿಡವೇ ಹೋಗುತ್ತದೆ. ಹಣ್ಣು ಮಾಗುವ ಮೊದಲೇ ಅಗೆದರೆ ಬರಬೇಕಾದ ಸಸಿಯೂ ಹೋಗುತ್ತದೆ. ಇದರ ಬೀಜ ಮೊಳೆಯುವುದೇ ವಿರಳ. ಮಿತವಾಗಿ ತಂದರೂ ಸಾಲ ಉಳಿಯುತ್ತದೆ, ಮತ್ತೆ ನೆಡುವುದೊಂದೇ ಅದರ ತೀರುವಳಿ. ಅಕ್ಕಿಯನ್ನು ಮರಳಿ ಸುರಿಯಬಹುದು, ಕಿತ್ತ ಬೇರನ್ನು ಮರಳಿಸುವ ದಾರಿಯಿಲ್ಲ.

ಅಗೆದವನೇ ಪಾಪಿ ಎನ್ನುವುದು ಸುಲಭ. ಅವನ ಒಲೆ ಉರಿಯಬೇಕು. ಕಾಡಂಚಿನಲ್ಲಿ ಬೇರೆ ದುಡಿಮೆ ದೊರೆಯುವುದು ಕಷ್ಟ. 2011ರಲ್ಲಿ ಭೀಮಗಡವು ವನ್ಯಜೀವಿಧಾಮವಾಯಿತು. ಅಲ್ಲಿ ಕಾಯಿದೆ ಕಾವಲಿದೆ. ಪೇಟೆಯ ಅಂಗಡಿಯ ಮುಂದೆ ನಿಂತು ಅಗ್ಗದ ಬೇರನ್ನೇ ಕೇಳುವ ಗೃಹಸ್ಥನಿಗೆ ಯಾವ ಕಾವಲೂ ಇಲ್ಲ. ವಿಭೂತಿ ಧರಿಸಿದ ಹಣೆಯೂ ಅಲ್ಲಿ ಚೌಕಾಶಿಗೆ ಬಾಗುತ್ತದೆ! ಕಾಯಕವು ಶುದ್ಧವಾಗಿರಬೇಕೆಂದು ಮಾರುವವನಿಗೆ ಹೇಳುವ ನಾವು, ಕೊಳ್ಳುವ ಕೈಯ ಶುದ್ಧಿಯನ್ನು ಅಷ್ಟಾಗಿ ಕೇಳಿಲ್ಲ.

ಸರ್ಪಗಂಧಿಯನ್ನು ಹೊಲದಲ್ಲಿ ಬೆಳೆಯಬಹುದು. ಬೇರಿನ ತುಂಡು, ಕಾಂಡದ ತುಂಡು ನೆಟ್ಟರೂ ಚಿಗುರುತ್ತದೆ. ಬೇರು ಬಲಿಯಲು ಎರಡು ಮೂರು ವರ್ಷ ಬೇಕು. ಔಷಧಿ ಸಸ್ಯಗಳನ್ನು ಅಭ್ಯಸಿಸುವ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯು ಬೆಳಗಾವಿಯಲ್ಲಿಯೇ ಇರುವುದರಿಂದ ತಿಳಿದವರಿಗೇನೂ ಬರವಿಲ್ಲ. ಬೇರು ಕಾಡಿನದೋ ಹೊಲದ್ದೋ ಎಂದು ಅಂಗಡಿಯಲ್ಲಿ ಕೇಳೋಣ. ಹೊಲದ ಬೇರಿಗೆ ಬೆಲೆ ಹೆಚ್ಚೆಂದು ವರ್ತಕನು ಹೇಳಿದರೆ, ಆ ಹೆಚ್ಚಳದಲ್ಲಿ ಒಕ್ಕಲಿಗನ ಮೂರು ಬೇಸಿಗೆಯ ನೀರು, ಕಳೆ ತೆಗೆದ ಕೂಲಿ, ಬೇಲಿಯ ಖರ್ಚು ಸೇರಿರುತ್ತವೆ.